ಬೆನ್ನ ಹಿಂದೆ ಸತ್ಬೀರ್

ನನಗೊಂದು ಅಭ್ಯಾಸವಿದೆ. ಯಾವ ಕುರ್ಚಿಯೇ ಆಗಲಿ, ಕೂರುವ ಮುಂಚೆ ಎಡಗೈಯನ್ನು ಹಿಂದಕ್ಕೆ ಚಾಚಿ, ಅದು ಇದ್ದ ಜಾಗದಲ್ಲೇ ಇದೆಯೇ ಎಂದು ಮುಟ್ಟಿ ನೋಡಿಕೊಂಡೇ ಕೂರುತ್ತೇನೆ. ಮನೆಯ ಕುರ್ಚಿಗೂ ಇದೇ ಮರ್ಯಾದೆ, ಮದುವೆ ಮನೆಯ ಕುರ್ಚಿಗೂ ಇದೇ ಮರ್ಯಾದೆ. ಮೊನ್ನೆ ದೆಹಲಿಯ ಪೀತಮ್‌ಪುರದಲ್ಲಿ ನಮ್ಮ ಕಡೆಯವರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟಕ್ಕೆ ಕೂರುವಾಗ ಹೀಗೆ ಕೈ ಚಾಚಿದವನು ಹಿಂದೆ ನಿಂತಿದ್ದ ಹಿರಿಯರೊಬ್ಬರ ಪಂಚೆಯನ್ನು ಹಿಡಿದುಬಿಟ್ಟೆ. ಅವರು ಬೆಚ್ಚಿದರು, ಅವರು ಬೆಚ್ಚಿದ್ದನ್ನು ಕಂಡು ನಾನು ಇನ್ನಷ್ಟು ಬೆಚ್ಚಿದೆ. ನನ್ನ ಹೆಂಡತಿ ವನಜಾ ನನಗೂ ತನಗೂ ಸಂಬಂಧವೇ ಇಲ್ಲದವಳಂತೆ ತಲೆ ತಗ್ಗಿಸಿ ಕೋಸಂಬರಿ ತಿನ್ನತೊಡಗಿದಳು. ಮಗಳು ಮಾತ್ರ, "ಪಪ್ಪಾ, ಕುರ್ಚಿ ಭಾಗ್ ನಹೀಂ ರಹೀ, ಕೂತ್ಕೋ" ಎಂದು, ಕುರ್ಚಿ ಓಡಿಹೋಗುತ್ತಿಲ್ಲ ಎನ್ನುವುದನ್ನು ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದಳು. ಇಲ್ಲಿ ಬೆಳೆದ ಮಕ್ಕಳ ಕನ್ನಡ ಹೀಗೆಯೇ, ಅರ್ಧ ದಾರಿಯಲ್ಲಿ ಬಸ್ಸು ಬದಲಿಸುತ್ತದೆ.

ಈ ಅಭ್ಯಾಸ ಹುಟ್ಟಿನಿಂದ ಬಂದದ್ದಲ್ಲ. ಹುಟ್ಟಿನಿಂದ ಬಂದದ್ದು ಹೆದರಿಕೆ ಮಾತ್ರ. ಕೈ ಚಾಚುವ ಅಭ್ಯಾಸ ಅಂಟಿಕೊಂಡದ್ದು ನಮ್ಮ ಫರೀದಾಬಾದಿನ ಕಾರ್ಖಾನೆಯವರು ಒಂದು ಚಳಿಗಾಲದ ದಿನ ನಮ್ಮನ್ನೆಲ್ಲ ಬಸ್ಸಿಗೆ ತುಂಬಿಕೊಂಡು ಹೋಗಿ, ಒಬ್ಬರನ್ನೊಬ್ಬರು ಪ್ರೀತಿಸುವುದು ಹೇಗೆಂದು ಕಲಿಸಿದ ಮೇಲೆ. ಆ ಕಥೆಗೆ ಬರುತ್ತೇನೆ. ಆದರೆ ಅದಕ್ಕೂ ಮೊದಲು ನನ್ನ ಹೆದರಿಕೆಯ ಪೂರ್ವೋತ್ತರ ಸ್ವಲ್ಪ ಕೇಳಿಬಿಡಿ, ಇಲ್ಲದಿದ್ದರೆ ನೀವು ನನ್ನನ್ನು ಸಾಧಾರಣ ಪುಕ್ಕಲನೆಂದು ತಿಳಿದುಬಿಡುವ ಅಪಾಯವಿದೆ.

ಅರಸೀಕೆರೆಯಲ್ಲಿ ನಮ್ಮ ಮನೆ ರೈಲು ಹಳಿಗೆ ಕೂಗಳತೆಯಲ್ಲಿತ್ತು. ಎಂಜಿನ್ನು ಹಬೆ ಬಿಟ್ಟಾಗಲೆಲ್ಲ ನಾನು ಓಡಿಹೋಗಿ ಅಮ್ಮನ ಸೀರೆಯ ನೆರಿಗೆಯಲ್ಲಿ ಮುಖ ಹುದುಗಿಸುತ್ತಿದ್ದೆ. ಅಮ್ಮ ನನ್ನ ಅಂಗಿಯ ಕೊರಳನ್ನು ಎಳೆದು ಎದೆಗೆ "ಥೂ, ಥೂ" ಎಂದು ಉಗುಳಿ ಭಯ ತೆಗೆಯುತ್ತಿದ್ದಳು. ಅರಸೀಕೆರೆ ಜಂಕ್ಷನ್ನು, ರೈಲಿಗೇನು ಬರ. ಸಂಜೆಯ ಹೊತ್ತಿಗೆ ಅಂಗಿ ಒದ್ದೆಯಾಗಿರುತ್ತಿತ್ತು. ರೈಲು ಮುಗಿದರೆ ಬುಡಬುಡಿಕೆಯವನು, ಅವನು ಹೋದರೆ ಹಲಸಿನ ಹಣ್ಣು ಕುಯ್ಯಲು ಅಜ್ಜ ಹೊರತೆಗೆಯುವ ದೊಡ್ಡ ಕತ್ತಿ. ನಾನು ಹೆದರದ ವಸ್ತುವೆಂದರೆ ಮನೆಯಲ್ಲಿ ಉಪ್ಪಿನಕಾಯಿ ಜಾಡಿಯೊಂದೇ ಎಂದು ಅಜ್ಜ ಹೇಳುತ್ತಿದ್ದರು. ಅದೂ ನಿಜವಲ್ಲ, ಅದರ ಮೇಲೆ ಕಟ್ಟಿದ ಬಿಳಿ ಬಟ್ಟೆಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಇಂಥ ನಾನು ಮೊದಲ ಬಾರಿಗೆ ದೊಡ್ಡವರು ಹೆದರುವುದನ್ನು ಕಂಡದ್ದು ಶಾಲೆಗೆ ಇನ್ಸ್‌ಪೆಕ್ಟರು ಬಂದ ದಿನ. ನಮ್ಮನ್ನೆಲ್ಲ ಹುಣಸೆ ಬರಲಿನಿಂದ ಆಳುತ್ತಿದ್ದ ಮೇಷ್ಟ್ರ ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು. ಅವರು ಹಿಂದಿನ ವಾರವಿಡೀ ಒಂದೊಂದು ಬೆಂಚಿಗೆ ಒಂದೊಂದು ಉತ್ತರ ಕಲಿಸಿದ್ದರು. ನಮ್ಮ ಬೆಂಚಿನ ಪಾಲಿಗೆ ಬಂದದ್ದು ಕಾವೇರಿ. ಇನ್ಸ್‌ಪೆಕ್ಟರು ಬಂದವರೇ ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಬೆಂಚುಗಳನ್ನು ಆ ಗೋಡೆಯಿಂದ ಈ ಗೋಡೆಗೆ ತಿರುಗಿಸಿ ಹಾಕಿಸಿದರು, ಬೆಂಚುಗಳ ಸರದಿಯೇ ತಲೆಕೆಳಗಾಯಿತು. ಆಮೇಲೆ ಹಸುವಿಗೆ ಎಷ್ಟು ಕಾಲು ಎಂದು ಕೇಳಿದಾಗ ನಾನು ಎದ್ದು ನಿಂತು, ಕಾವೇರಿ ಸಾರ್ ಎಂದೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಇನ್ಸ್‌ಪೆಕ್ಟರು ಮಾತ್ರ ನಗದೆ, ಬೈಯದೆ, ಸುಮ್ಮನೆ ಪೆನ್ನಿನ ಮುಚ್ಚಳ ತೆಗೆದರು. ಹೆದರಿಸಲು ಕೂಗಾಡಬೇಕಿಲ್ಲ, ಮುಚ್ಚಳ ತೆಗೆದರೆ ಸಾಕು ಎಂದು ಆವತ್ತು ನನಗೆ ಹೊಳೆಯಿತು. ಹೆದರಿ ಹೆದರಿ ಸಾಕಾಗಿದ್ದ ಹುಡುಗ ದೊಡ್ಡವನಾಗಿ ಇನ್ಸ್‌ಪೆಕ್ಟರನೇ ಆದದ್ದರಲ್ಲಿ ಆಶ್ಚರ್ಯವಿಲ್ಲ.

ಶಾಲೆಯ ಇನ್ಸ್‌ಪೆಕ್ಟರನಲ್ಲ, ಕಾರ್ಖಾನೆಯ ಇನ್ಸ್‌ಪೆಕ್ಟರ. ನಮ್ಮಲ್ಲಿ ಬಸ್ಸಿನ ಸ್ಟೀರಿಂಗ್ ಆರ್ಮ್ ತಯಾರಾಗುತ್ತಿತ್ತು. ಚಾಲಕ ಚಕ್ರ ತಿರುಗಿಸಿದಾಗ ಕೆಳಗೆ ಗಾಲಿಗಳನ್ನು ತಿರುಗಿಸುವ, ಮೊಳಕೈಯಂಥ ಉಕ್ಕಿನ ತುಂಡು ಅದು. ಅದಕ್ಕೆ ಒಂದು ದ್ರಾವಣ ಬಳಿದು ನೀಲಿ ದೀಪದ ಕೆಳಗೆ ಹಿಡಿದರೆ, ಎಲ್ಲಾದರೂ ಕೂದಲೆಳೆ ಬಿರುಕಿದ್ದರೆ ಹಸಿರಾಗಿ ಮಿನುಗುತ್ತದೆ. ಮಿನುಗಿದ ತುಂಡಿನ ಮೇಲೆ ನಾನು ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಗೆರೆ ಬಿತ್ತೆಂದರೆ ಮುಗಿಯಿತು, ಅದು ಗುಜರಿಗೆ. ಇಷ್ಟೇ ನನ್ನ ಕೆಲಸ. ಬಾಯಿ ಬಿಡಬೇಕಾದ ಅಗತ್ಯವೇ ಇಲ್ಲದ ಈ ಕೆಲಸ ನನಗೆ ಹೇಳಿ ಮಾಡಿಸಿದ ಹಾಗಿತ್ತು.

ಆ ತುಂಡುಗಳನ್ನು ತಯಾರಿಸುತ್ತಿದ್ದ ವಿಭಾಗದ ಮೇಲ್ವಿಚಾರಕ ಸತ್ಬೀರ್ ಸಿಂಗ್. ಬಲ್ಲಭಗಡದ ಹತ್ತಿರದ ಹಳ್ಳಿಯವನು, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರದಂಥ ಆಳು. ಪ್ರತಿ ಕೆಂಪು ಗೆರೆಗೂ ಅವನು ನನ್ನ ಮೇಜಿನವರೆಗೆ ನಡೆದುಬಂದು ಜಗಳ ತೆಗೆಯುತ್ತಿದ್ದ. ಅದು ಬಿರುಕಲ್ಲ, ಸುತ್ತಿಗೆಯ ಗುರುತು ಎನ್ನುತ್ತಿದ್ದ. ನನ್ನ ದೀಪಕ್ಕೆ ಪೊರೆ ಬಂದಿದೆ ಎನ್ನುತ್ತಿದ್ದ. ಮದ್ರಾಸಿಗಳೆಲ್ಲ ಹೀಗೆ ಎಂದೂ ಒಮ್ಮೆ ಅಂದಿದ್ದ. ನಾನು ಮದ್ರಾಸಿಯಲ್ಲ ಎಂದು ತಿಳಿಸುವ ಧೈರ್ಯ ನನಗೆ ಇರಲಿಲ್ಲ. ಒಳಗೊಳಗೇ ನಡುಗುತ್ತ, ಮುಖದಲ್ಲಿ ಏನನ್ನೂ ತೋರಿಸದೆ, ಇನ್ನೊಂದು ತುಂಡನ್ನು ಎತ್ತಿಕೊಳ್ಳುತ್ತಿದ್ದೆ. ಅವನು ಅದನ್ನೇ ಜಂಬವೆಂದು ತಿಳಿದಿದ್ದ.

ನಮ್ಮ ಕಾರ್ಖಾನೆಯಲ್ಲಿ ಒಂದು ಹಳೆಯ ಕಟ್ಟಳೆಯಿತ್ತು. ತಪಾಸಣೆಯವರು ಮತ್ತು ತಯಾರಿಕೆಯವರು ಒಟ್ಟಿಗೆ ಕೂತು ಟೀ ಕುಡಿಯುವಂತಿಲ್ಲ. ಎಲ್ಲೂ ಬರೆದಿಟ್ಟದ್ದಲ್ಲ, ಆದರೆ ಮಡಿಯ ಹಾಗೆ ನಡೆದುಕೊಂಡು ಬಂದಿತ್ತು. ಒಂದೊಂದು ಕಪ್ ಟೀಗೂ ಕಣ್ಣು ಅಷ್ಟಷ್ಟು ಮಂಜಾಗುತ್ತದೆ ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳಿದ್ದರು. ತಯಾರಿಕೆಯವರು ಅಡ್ಡಾಡುವ ಜಾಗದಲ್ಲಿ ನಾವು ಅಡ್ಡಾಡುತ್ತಿರಲಿಲ್ಲ, ಅವರ ಮನೆಯ ಮದುವೆಗೆ ಕವರು ಕಳಿಸಿ ಸುಮ್ಮನಾಗುತ್ತಿದ್ದೆವು. ವರ್ಷಗಟ್ಟಲೆ ಹತ್ತು ಮಾರು ದೂರದಲ್ಲಿ ಕೆಲಸ ಮಾಡಿದರೂ ಸತ್ಬೀರನಿಗೆ ಎಷ್ಟು ಮಕ್ಕಳು ಎನ್ನುವುದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಆ ಕೆಟ್ಟ ವರ್ಷ ಬಂತು. ಅಮೆರಿಕದಲ್ಲಿ ಯಾವುದೋ ಬ್ಯಾಂಕು ಮುಳುಗಿತಂತೆ. ಫರೀದಾಬಾದಿನಲ್ಲಿ ನಮ್ಮ ಓವರ್‌ಟೈಮು ನಿಂತಿತು. ಅಲ್ಲಿಗೂ ಇಲ್ಲಿಗೂ ಏನು ನಂಟು ಎಂದು ವನಜಾ ಕೇಳಿದಳು, ನನಗೂ ಗೊತ್ತಿರಲಿಲ್ಲ. ಪಕ್ಕದ ಕಾರ್ಖಾನೆಯ ಗೇಟಿನ ಮುಂದೆ ಜನ ಗುಂಪುಗೂಡಿ ನಿಂತಿರುವುದು ದಿನಾ ಕಾಣುತ್ತಿತ್ತು. ಆಗ ನಮ್ಮ ಮ್ಯಾನೇಜರ್ ಸಾಹೇಬರು ಒಂದು ಸುದ್ದಿ ಹೊರಡಿಸಿದರು. ಸಿಬ್ಬಂದಿಯಲ್ಲಿ ಸ್ನೇಹ, ಸಹಕಾರ ಬೆಳೆಸಲು ಗುರ್ಗಾಂವ್ ಕಡೆಯಿಂದ ತರಬೇತಿ ಕೊಡುವವರು ಬರುತ್ತಾರೆ, ಒಂದು ದಿನ ಎಲ್ಲರೂ ಹೊರಗೆ ಹೋಗಿ ಚಿತ್ರ ಬರೆಯೋಣ, ನಾಟಕ ಆಡೋಣ, ಆಟ ಆಡೋಣ. ಸುದ್ದಿಯ ಹಿಂದೆಯೇ ಇನ್ನೊಂದು ಸುದ್ದಿ ಕ್ಯಾಂಟೀನಿನಿಂದ ಹೊರಟಿತು. ಇದು ಆಟವಲ್ಲ, ಆರಿಸುವ ಉಪಾಯ. ಯಾರು ಹತ್ತು ಜನರ ಜೊತೆ ಹೊಂದಿಕೊಳ್ಳುವುದಿಲ್ಲವೋ ಅವರನ್ನೇ ಮೊದಲು ಮನೆಗೆ ಕಳಿಸುತ್ತಾರೆ. ಹೊಂದಿಕೊಳ್ಳುವವನಿಗೆ ಅಧಿಕಾರಿಗಳ ಬಾಯಲ್ಲಿ 'ಟೀಮ್ ಪ್ಲೇಯರ್' ಎಂಬ ಹೆಸರಿತ್ತು. ಇಡೀ ಕಾರ್ಖಾನೆಯಲ್ಲಿ ಯಾರ ಜೊತೆಯೂ ಹೊಂದಿಕೊಳ್ಳದವನು ಯಾರು ಎಂದು ಕೇಳಿದ್ದರೆ ಗೇಟಿನ ನಾಯಿಯೂ ನನ್ನ ಕಡೆಗೆ ಮೂತಿ ತಿರುಗಿಸುತ್ತಿತ್ತು.

ಮನೆಯಲ್ಲಿ ಹೇಳಿದೆ. ವನಜಾ, "ಒಂದು ದಿನ ತಾನೆ? ನಗ್ತಾ ಇರಿ. ಏನು ಕೇಳಿದ್ರೂ ಅಚ್ಛಾ ಅನ್ನಿ" ಎಂದಳು. ಆಮೇಲೆ ಕನ್ನಡಿಯ ಮುಂದೆ ನಿಲ್ಲಿಸಿ ನಗುವುದನ್ನು ಅಭ್ಯಾಸ ಮಾಡಿಸಿದಳು. ನನ್ನ ನಗು ನೋಡಿ ಮಗಳು ಅಳುವುದೊಂದು ಬಾಕಿ.

ಅರಾವಳಿ ಗುಡ್ಡಗಳ ಕಡೆ ಒಂದು ಫಾರ್ಮ್‌ಹೌಸು. ಹುಲ್ಲಿನ ಮೇಲೆ ಮಂಜು ಇನ್ನೂ ಆರಿರಲಿಲ್ಲ. ಎಲ್ಲರಿಗೂ ಹಳದಿ ಟೀ ಶರ್ಟು ಹಂಚಿದರು. ಸ್ವೆಟರಿನ ಮೇಲೆ ಅದನ್ನು ತೊಟ್ಟುಕೊಂಡು ನಾವು ಚೆಂಡು ಹೂವಿನ ಮಡಿಯ ಹಾಗೆ ನಿಂತಿದ್ದೆವು. ತರಬೇತಿ ಕೊಡುವ ಹುಡುಗಿಗೆ ನನ್ನ ಮಗಳ ಈಗಿನ ವಯಸ್ಸಿಗಿಂತ ತುಸು ಹೆಚ್ಚಿರಬೇಕು, ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವಳು ದೊಡ್ಡದೊಂದು ಹಾಳೆ ಹಾಸಿ, ನಿಮ್ಮ ಕಾರ್ಖಾನೆ ಒಂದು ಪ್ರಾಣಿಯಾಗಿದ್ದರೆ ಹೇಗಿರುತ್ತದೆ, ಎಲ್ಲರೂ ಸೇರಿ ಒಂದೊಂದು ಅಂಗ ಬರೆಯಿರಿ ಎಂದಳು. ಮ್ಯಾನೇಜರ್ ಸಾಹೇಬರು ಎದೆ ಬರೆದರು. ಉಳಿದವರು ನಿಮ್ಮದು ಮೊದಲು, ನಿಮ್ಮದು ಮೊದಲು ಎಂದು ಒಬ್ಬರಿಗೊಬ್ಬರು ಕುಂಚ ಕೊಡತೊಡಗಿದರು. ಅಷ್ಟು ವಿನಯವನ್ನು ನಮ್ಮ ಕಾರ್ಖಾನೆ ಹಿಂದೆಂದೂ ಕಂಡಿರಲಿಲ್ಲ. ನಾನು ಬಾಲ ಬರೆದೆ. ಅಭ್ಯಾಸಬಲದಿಂದ ಜೇಬಿನ ಸ್ಕೇಲು ಹಿಡಿದು ಬರೆದದ್ದರಿಂದ ಅದು ಕೊಳಾಯಿ ಪೈಪಿನ ಹಾಗೆ ಬಂತು. ಕೊನೆಯಲ್ಲಿ ನೋಡಿದರೆ ಆ ಪ್ರಾಣಿಗೆ ಆರು ಕಾಲು, ಮೂರು ಕಿವಿ, ಆದರೆ ಬಾಯಿ ಇರಲಿಲ್ಲ. ಬಾಯಿ ಬರೆಯಲು ಯಾರಿಗೂ ಧೈರ್ಯ ಬಂದಿರಲಿಲ್ಲ. ಮೇಡಂ ಅದನ್ನು ಬಹಳ ಸುಂದರವಾಗಿದೆ ಎಂದು ಹೊಗಳಿ, ಏನನ್ನೋ ಬರೆದುಕೊಂಡಳು. ಅವಳು ಪೆನ್ನು ತೆಗೆದಾಗಲೆಲ್ಲ ನಾನು ವನಜಾ ಕಲಿಸಿದ ನಗು ನಗುತ್ತಿದ್ದೆ.

ಮುಂದಿನದು ನಾಟಕ. ಯಾರು ಯಾರ ಜೊತೆ ಹೆಚ್ಚು ಜಗಳ ಆಡುತ್ತೀರೋ ಅವರು ಪಾತ್ರ ಬದಲಿಸಿಕೊಳ್ಳಬೇಕು. ಯಾರೂ ಏಳಲಿಲ್ಲ, ಎಲ್ಲರ ಕಣ್ಣುಗಳು ಮಾತ್ರ ನನ್ನ ಮತ್ತು ಸತ್ಬೀರನ ಕಡೆ ತಿರುಗಿದವು. ಹೆದರುವವರ ಮೇಲೆ ಹಾವೆಸೆದಂತೆ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು. ಸತ್ಬೀರ್ ನಾನಾದ. ನನ್ನ ಕನ್ನಡಕವನ್ನು ಇಸಿದುಕೊಂಡು ಮೂಗಿನ ತುದಿಗೆ ಇಳಿಸಿ, ಬೆನ್ನು ಸ್ವಲ್ಪ ಬಾಗಿಸಿ, ಖಾಲಿ ನೀರಿನ ಬಾಟಲಿಯನ್ನು ದೀಪದ ಕೆಳಗೆ ಹಿಡಿದ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. ಮಾತಿಲ್ಲ, ಕತೆಯಿಲ್ಲ. ಆಮೇಲೆ ನಿಧಾನವಾಗಿ ಕುಂಚ ಅದ್ದಿ ಒಂದು ಗೆರೆ. ಜನ ಬಿದ್ದು ಬಿದ್ದು ನಕ್ಕರು. ನಾನು ಅಷ್ಟು ಭಯಂಕರವಾಗಿ ಕಾಣುತ್ತೇನೆಂದು ನನಗೇ ತಿಳಿದಿರಲಿಲ್ಲ.

ಈಗ ಸತ್ಬೀರನಾಗಿ ನಾನು ಜಗಳ ತೆಗೆಯಬೇಕಿತ್ತು. ಎದೆಯುಬ್ಬಿಸಿ ಹೋದೆ. ಬಾಯಿ ತೆರೆದರೆ ಜಗಳ ಬರಲಿಲ್ಲ, ಮೊರೆ ಬಂತು. ಸಾಹಬ್, ಈ ಲಾಟಿನ ತುಂಡುಗಳೆಲ್ಲ ಗುಜರಿಗೆ ಹೋದರೆ ಮೇಲಿನವರು ನನ್ನನ್ನೇ ಕೇಳುತ್ತಾರೆ, ನನ್ನ ಕೆಳಗೆ ಇಪ್ಪತ್ತು ಜನ ಇದ್ದಾರೆ, ಇದೊಂದು ಸಲ ನೋಡಿ ಎಂದುಬಿಟ್ಟೆ. ನಗು ನಿಂತಿತು. ಸತ್ಬೀರ್ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದ. ಅವನ ಗರ್ಜನೆಯ ಹಿಂದೆ ಇದ್ದದ್ದು ಇದೇ ಎಂದು ನನಗೆ ಆಗ ಗೊತ್ತಾಯಿತು, ಗೊತ್ತಾಗದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು.

ಊಟಕ್ಕೆ ಮುಂಚಿನ ಕೊನೆಯ ಆಟ ಬೀಳುವುದು. ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಸಿಕೊಂಡು, ಒಂದು ಕಲ್ಲು ಕಟ್ಟೆಯ ಮೇಲೆ ನಿಂತು, ಹಾಗೇ ಬೆನ್ನ ಮೇಲೆ ಹಿಂದಕ್ಕೆ ಬೀಳಬೇಕು. ಹಿಂದೆ ನಿಂತ ಸಹೋದ್ಯೋಗಿಗಳು ಹಿಡಿಯುತ್ತಾರೆ. ಹಿಡಿಯುತ್ತಾರೆಂದು ನಂಬುವುದೇ ಆಟ. ನನ್ನ ಸರದಿ ಬಂದಾಗ ಹಿಂದೆ ನಿಂತವರು ಪೂರಾ ತಯಾರಿಕೆಯ ವಿಭಾಗದವರು. ಅವರಲ್ಲಿ ಒಬ್ಬೊಬ್ಬನ ಕೆಲಸಕ್ಕೂ ನಾನು ಕೆಂಪು ಗೆರೆ ಎಳೆದಿದ್ದೆ. ಬಟ್ಟೆ ಕಟ್ಟಿದರು. ಹಿಂದೆ ಯಾರೋ ಪಿಸುಗುಟ್ಟಿದರು, ಯಾರೋ ಕೆಮ್ಮಿದರು. ಕಟ್ಟೆಯ ಅಂಚು ಹಿಮ್ಮಡಿಗೆ ತಾಗುತ್ತಿತ್ತು. ಬೀಳದಿದ್ದರೆ ಸಹಕಾರವಿಲ್ಲವೆಂದು ಬರೆದುಕೊಳ್ಳುತ್ತಾರೆ, ಬಿದ್ದರೆ ತಲೆ ಒಡೆಯುತ್ತದೆ. ತಲೆ ಒಡೆದರೂ ಕೆಲಸ ಉಳಿಯಲಿ ಎಂದುಕೊಂಡು, ಅಮ್ಮನನ್ನು ನೆನೆದು, ಬಿದ್ದೆ.

ಹಿಡಿದರು. ಎಲ್ಲಕ್ಕಿಂತ ಮೊದಲು ಕಂಕುಳ ಕೆಳಗೆ ಎರಡು ದಪ್ಪ ಕೈಗಳು ಬಂದವು. ಕಣ್ಣಿನ ಬಟ್ಟೆ ಬಿಚ್ಚಿದಾಗ ಸತ್ಬೀರನ ಮೀಸೆ ನನ್ನ ಮುಖದ ಮೇಲಿತ್ತು. ಅವನು ನನ್ನನ್ನು ಕೂಡಲೇ ಬಿಡಲಿಲ್ಲ, ನಡುಕ ನಿಲ್ಲುವವರೆಗೆ ಹಾಗೇ ಹಿಡಿದುಕೊಂಡಿದ್ದ. ಊಟಕ್ಕೆ ಪಕ್ಕದಲ್ಲೇ ಕೂತ. ಮಕ್ಕಳು ಮೂವರು ಎಂದೂ ದೊಡ್ಡವಳಿಗೆ ಗಂಡು ನೋಡುತ್ತಿದ್ದೇನೆಂದೂ ಹೇಳಿದ. ನನ್ನ ತಟ್ಟೆಗೆ ತನ್ನ ಗುಲಾಬ್ ಜಾಮೂನು ಹಾಕಿದ. ಮ್ಯಾನೇಜರ್ ಸಾಹೇಬರು ಬಂದು ಇಬ್ಬರ ಹೆಗಲ ಮೇಲೂ ಕೈಯಿಟ್ಟು, ಇದೇ ನಮಗೆ ಬೇಕಾದದ್ದು ಎಂದರು. ಮನೆಗೆ ಬಂದು ವನಜಾಳಿಗೆ, ಪಾಸಾದೆ ಅಂತ ಕಾಣುತ್ತದೆ ಎಂದೆ. ಕನ್ನಡಿಯ ಮುಂದೆ ಅಭ್ಯಾಸ ಮಾಡಿಸಿದ್ದು ಯಾರು ಎಂದು ಅವಳು ಕೇಳಿದಳು.

ಮಾರನೆಯ ಬೆಳಿಗ್ಗೆ ಸತ್ಬೀರನ ವಿಭಾಗದ ಹೊಸ ಲಾಟ್ ನನ್ನ ಮೇಜಿಗೆ ಬಂತು. ಅದರ ಜೊತೆಗೆ ಸತ್ಬೀರನೂ ಬಂದ, ಕೈಯಲ್ಲಿ ಎರಡು ಗ್ಲಾಸು ಟೀ. ತಪಾಸಣೆಯ ಮೇಜಿನ ಮೇಲೆ ಹಿಂದೆಂದೂ ತಯಾರಿಕೆಯವರ ಟೀ ಬಂದಿರಲಿಲ್ಲ. ಗಾಜಿನ ಆಚೆ ಮ್ಯಾನೇಜರ್ ಸಾಹೇಬರು ನಿಂತು ನೋಡುತ್ತಿದ್ದರು, ಬಹಳ ಸಂತೋಷದಿಂದ. ನಾನು ಒಂದು ಗುಟುಕು ಕುಡಿದು ಮೊದಲ ತುಂಡನ್ನು ನೀಲಿ ದೀಪದ ಕೆಳಗೆ ಹಿಡಿದೆ.

ಕೊರಳಿನ ತಿರುವಿನಲ್ಲಿ ಹಸಿರು ಎಳೆಯೊಂದು ಮಿನುಗಿತು. ಎರಡನೆಯದರಲ್ಲೂ ಅಲ್ಲೇ. ಮೂರನೆಯದರಲ್ಲೂ. ಅಂದರೆ ಇಡೀ ಲಾಟಿನ ಅಚ್ಚಿನಲ್ಲೇ ದೋಷ. ಹಿಂದಿನ ವಾರವಾಗಿದ್ದರೆ ಕೈ ತಾನಾಗಿ ಕುಂಚಕ್ಕೆ ಹೋಗುತ್ತಿತ್ತು. ಆವತ್ತು ಹೋಗಲಿಲ್ಲ. ಇದು ಸುತ್ತಿಗೆಯ ಗುರುತೂ ಇರಬಹುದಲ್ಲ ಎಂದು ನನ್ನ ಮನಸ್ಸೇ ಸತ್ಬೀರನ ಪರ ವಕಾಲತ್ತು ಮಾಡತೊಡಗಿತು. ಗೆರೆ ಎಳೆದರೆ ಇವನ ಗತಿಯೇನು, ಮೂವರು ಮಕ್ಕಳು, ದೊಡ್ಡವಳಿಗೆ ಗಂಡು ನೋಡುತ್ತಿದ್ದಾನೆ. ಎಳೆದರೆ ನನ್ನ ಗತಿಯೇನು, ನಿನ್ನೆ ತಾನೆ ಹೊಂದಿಕೊಂಡವನು ಇವತ್ತು ಮತ್ತೆ ಹಳೇ ಚಾಳಿ ಎನ್ನುವುದಿಲ್ಲವೆ. ಎಳೆಯದಿದ್ದರೆ ಎಲ್ಲೋ ಒಂದು ಇಳಿಜಾರಿನಲ್ಲಿ, ತಿರುವಿನಲ್ಲಿ, ಚಾಲಕ ಚಕ್ರ ತಿರುಗಿಸಿದರೆ ಗಾಲಿ ತಿರುಗುವುದಿಲ್ಲ. ನಾನು ತುಂಡನ್ನು ಕೆಳಗಿಟ್ಟೆ, ಮತ್ತೆ ಎತ್ತಿದೆ, ದೀಪದ ಗಾಜು ಒರೆಸಿದೆ. ಬದುಕಿನಲ್ಲಿ ಅಷ್ಟು ಹೆದರಿದ ಇನ್ನೊಂದು ಗಳಿಗೆ ನನಗೆ ನೆನಪಿಲ್ಲ. ಕಟ್ಟೆಯ ಮೇಲೆ ನಿಂತಾಗಲೂ ಅಷ್ಟು ಹೆದರಿರಲಿಲ್ಲ.

ಸತ್ಬೀರ್ ನನ್ನ ಮುಖ ನೋಡುತ್ತಿದ್ದ. ಮೇಜಿನ ಈ ಕಡೆ ಬಂದು, ಬಗ್ಗಿ, ತಾನೇ ದೀಪದ ಕೆಳಗೆ ಕಣ್ಣಿಟ್ಟ. ನಾನು ಜಗಳಕ್ಕೆ ಕಾದೆ, ಈ ಸಲವಾದರೂ ಜಗಳದಲ್ಲಿ ಸೋತುಬಿಡೋಣ ಎಂದು ಕಾದೆ. ಅವನು ನೆಟ್ಟಗಾಗಿ ಬಹಳ ಮೆಲ್ಲಗೆ ಮಾತಾಡಿದ. ಅವನ ಹರಿಯಾಣದ ಹಿಂದಿಯಲ್ಲಿ ಆಶೀರ್ವಾದವೂ ಬೈಗುಳದ ಹಾಗೆ ಕೇಳುತ್ತದೆ, ಆದ್ದರಿಂದ ನನ್ನ ಕನ್ನಡದಲ್ಲೇ ಹೇಳುತ್ತೇನೆ.

"ಸಾಹಬ್, ನಿನ್ನೆ ಹಿಡ್ಕೊಂಡಾಗ ಹೇಗೆ ನಡುಗ್ತಿದ್ರೋ ಇವತ್ತೂ ಹಾಗೇ ನಡುಗ್ತಿದೀರಿ. ನನಗೆ ಹೆದರ್ಕೊಂಡಾ?"

ನಾನು ದೀಪದ ಗಾಜನ್ನು ಮತ್ತೊಮ್ಮೆ ಒರೆಸಿದೆ.

"ಇಷ್ಟು ವರ್ಷ ನಿಮಗೆ ಹೆದರ್ಕೊಂಡೇ ನಾನು ನೆಟ್ಟಗೆ ಕೆಲಸ ಮಾಡಿದ್ದು. ಈಗ ನೀವೇ ನನಗೆ ಹೆದರಿದ್ರೆ, ನಾನು ಯಾರಿಗೆ ಹೆದರ್ಲಿ?"

ಅಷ್ಟು ಹೇಳಿ ಕೆಂಪು ಬಣ್ಣದ ಡಬ್ಬಿಯನ್ನು ನನ್ನ ಕಡೆಗೆ ತಳ್ಳಿದ. ಎರಡೂ ಟೀ ಗ್ಲಾಸುಗಳನ್ನು, ನನ್ನದರಲ್ಲಿ ಅರ್ಧ ಉಳಿದಿತ್ತು, ಎತ್ತಿಕೊಂಡು ತನ್ನ ವಿಭಾಗಕ್ಕೆ ಹೊರಟುಹೋದ. ನಾನು ಗೆರೆ ಎಳೆದೆ. ಇಡೀ ಲಾಟಿಗೆ ಎಳೆದೆ. ಮೊದಲ ಕೆಲವು ಗೆರೆಗಳು ಸೊಟ್ಟಗೆ ಬಂದವು. ತಲೆಯೆತ್ತಿ ನೋಡಿದಾಗ ಗಾಜಿನ ಆಚೆ ಮ್ಯಾನೇಜರ್ ಸಾಹೇಬರು ಇರಲಿಲ್ಲ.

ಹೋಗುವವರ ಹೆಸರುಗಳು ಹೊರಬಿದ್ದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ನನ್ನ ಹೆಸರು ಇರಲಿಲ್ಲ. ಸತ್ಬೀರನದು ಇತ್ತು. ಆ ಲಾಟಿನಿಂದಲೋ, ಮೊದಲೇ ಗೊತ್ತುಮಾಡಿದ್ದೋ, ಯಾರೂ ಹೇಳಲಿಲ್ಲ; ಕೇಳುವ ಧೈರ್ಯ ನನಗೂ ಬರಲಿಲ್ಲ. ಹೊರಡುವ ದಿನ ಅವನು ಎಲ್ಲರ ಕೈ ಕುಲುಕಿ, ನನ್ನ ಮೇಜಿನ ಹತ್ತಿರ ಬಂದು ಬಾಯಿ ತೆರೆದ. ಅಷ್ಟರಲ್ಲಿ ನನ್ನ ಕಣ್ಣು ನೋಡಿ, ಚಲೋ, ಹೊರಡ್ತೀನಿ ಎಂದಷ್ಟೇ ಹೇಳಿ ಹೋದ. ಆಮೇಲೆ ತುಂಬ ದಿನ ಬೆನ್ನ ಹಿಂದೆ ಯಾರೂ ಇಲ್ಲ ಅನ್ನಿಸುತ್ತಿತ್ತು. ಕೂರುವ ಮುಂಚೆ ಕೈ ಹಿಂದಕ್ಕೆ ಹೋಗಲು ಶುರುವಾದದ್ದು ಆಗಲೇ.

ಮುಂದಿನ ವರ್ಷ ಹೋಳಿಯ ದಿನ ಅವನ ಫೋನು ಬಂತು. ಇನ್ನೊಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಅಲ್ಲೂ ಬಸ್ಸಿನ ಭಾಗಗಳೇ ಎಂದ. ಮಗಳ ಮದುವೆಯಾಯಿತು ಎಂದ. ಅವನ ದನಿ ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ಏನು ಕೇಳಬೇಕೆಂದೇ ತೋಚಲಿಲ್ಲ. ಕೊನೆಗೆ, ಅಲ್ಲಿಯ ಇನ್ಸ್‌ಪೆಕ್ಟರ್ ಹೇಗೆ ಎಂದು ಕೇಳಿದೆ. ಫೋನಿನಲ್ಲಿ ಅವನ ಬೀದಿಯ ಡೋಲಿನ ಸದ್ದು ಕೇಳುತ್ತಿತ್ತು.

"ಬಹಳ ಒಳ್ಳೆಯವನು, ಸಾಹಬ್. ನನ್ನ ಜೊತೆ ಒಂದು ದಿನಾನೂ ಜಗಳ ಆಗಿಲ್ಲ, ಎಲ್ಲಾ ಪಾಸ್ ಮಾಡ್ತಾನೆ. ನಾನೀಗ ಬಸ್ ಹತ್ತೋದು ಬಿಟ್ಟಿದೀನಿ."